ತೀರ್ಪಿನ ಪೀಠದಲ್ಲಿ ಊರಿನವರಿಗೂ ಒಂದು ಜಾಗ

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 268ನೇ ಕಲಂ ಎಂಬುದೊಂದಿದೆ. ತನಗೆ ಅರ್ಹತೆ ಇಲ್ಲವೆಂದು ಗೊತ್ತಿದ್ದೂ ಬೇರೊಬ್ಬರ ಸೋಗಿನಲ್ಲಿ ‘ಅಸೆಸರ್’ ಆಗಿ ಪ್ರಮಾಣವಚನ ಪಡೆದು ಕೋರ್ಟಿನಲ್ಲಿ ಕುಳಿತವನಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು ಎನ್ನುತ್ತದೆ ಆ ಕಲಂ. ಅದೇ ಸಂಹಿತೆ ‘ಸರ್ಕಾರಿ ಸೇವಕ’ ಯಾರೆಂದು ವಿವರಿಸುವಾಗಲೂ ಕೋರ್ಟಿಗೆ ನೆರವಾಗುವ ಅಸೆಸರ್‌ನನ್ನು ಸೇರಿಸಿಕೊಂಡಿದೆ. ಆದರೆ ನಮ್ಮ ಸೆಷನ್ಸ್ ಕೋರ್ಟುಗಳಿಂದ ಅಸೆಸರುಗಳು ಎದ್ದುಹೋಗಿ ಬಹಳ ಕಾಲವಾಯಿತು. 1955ರ 26ನೇ ಕಾಯ್ದೆ ಆ ಪದ್ಧತಿಯನ್ನು ರದ್ದು ಮಾಡಿತು. 1956ರ ಜನವರಿ 1ರಿಂದ ಅದು ಜಾರಿಗೆ ಬಂತು.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಇಂದಿನ ತಲೆಮಾರಿಗೆ ಅಸೆಸರ್ ಎಂಬ ಹೆಸರೇ ಹೊಸದು. ಕೊಲೆ, ದರೋಡೆಯಂಥ ಪ್ರಕರಣಗಳಲ್ಲಿ ಕಪ್ಪು ಕೋಟು ತೊಡದ ಸಾಮಾನ್ಯ ನಾಗರಿಕರು ನ್ಯಾಯಾಧೀಶರ ಜೊತೆ ಕುಳಿತು ಸಾಕ್ಷ್ಯ ಕೇಳಿ ಅಭಿಪ್ರಾಯ ಹೇಳುತ್ತಿದ್ದ ಕಾಲವೊಂದಿತ್ತು. ಆ ಪದ್ಧತಿ ಏಕೆ ಬಂತು, ಏಕೆ ಸೋತಿತು, ಅದರ ಸತ್ವ ಇಂದು ಎಲ್ಲಿ ಉಳಿದಿದೆ ಎಂಬುದನ್ನು ತಿಳಿದುಕೊಳ್ಳುವ ಅಗತ್ಯ ನಮಗೆ ಈಗಲೂ ಇದೆ. ಏಕೆಂದರೆ ಆ ಜಾಗ ಪೂರ್ತಿ ಹೋಗಿಲ್ಲ. ಪ್ರತಿ ಜಿಲ್ಲೆಯಲ್ಲೂ ಒಂದು ಕಡೆ ಅದು ಇದೆ, ಮೊದಲಿಗಿಂತ ಹೆಚ್ಚು ಅಧಿಕಾರದೊಂದಿಗೆ ಇದೆ.

ಧಾರವಾಡದ ಸೆಷನ್ಸ್ ಕೋರ್ಟಿಗೆ ಕರೆ

ಪೇಶ್ವೆಯ ಆಳ್ವಿಕೆ ಕುಸಿದು 1817–18ರಲ್ಲಿ ಧಾರವಾಡ ಸೀಮೆ ಕಂಪನಿಯ ಕೈಗೆ ಬಂದಾಗ ಮೊದಲು ಆಡಳಿತ ಹಿಡಿದವರು ಥಾಮಸ್ ಮನ್ರೋ. ಊರ ಪಂಚಾಯತಿಗಳ ಮೇಲೆ ಅವರಿಗೆ ಬಲವಾದ ನಂಬಿಕೆ ಇತ್ತು. ಪೇಶ್ವೆಯಿಂದ ಗೆದ್ದ ಪ್ರಾಂತ್ಯಗಳ ಬಗ್ಗೆ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿಯಲ್ಲೂ ಪಂಚಾಯತಿಯ ಗುಣದೋಷಗಳ ದೀರ್ಘ ಚರ್ಚೆ ಇದೆ. ಆದರೆ ಆ ಪಂಚಾಯತಿಗಳು ಮುಖ್ಯವಾಗಿ ಬಗೆಹರಿಸುತ್ತಿದ್ದುದು ಸಾಲ, ವತನ, ಹೊಲದ ಗಡಿಯ ತಕರಾರುಗಳನ್ನು. ಕೊಲೆ, ಕಳವು ಅಧಿಕಾರಿಗಳ ಮರ್ಜಿಗೆ ಬಿಟ್ಟ ವಿಷಯಗಳಾಗಿದ್ದವು.

ಅಪರಾಧ ವಿಚಾರಣೆಯೊಳಗೆ ಜನರನ್ನು ಕೂರಿಸುವ ಪ್ರಯತ್ನ ಬಂಗಾಳದಲ್ಲಿ 1832ರ ಆರನೇ ರೆಗ್ಯುಲೇಷನ್ನಿನಿಂದ ಸ್ಪಷ್ಟ ರೂಪ ಪಡೆಯಿತು. ಯುರೋಪಿಯನ್ ನ್ಯಾಯಾಧೀಶರು ಸ್ಥಳೀಯ ಗಣ್ಯರ ನೆರವನ್ನು ಪಂಚಾಯತಿ, ಅಸೆಸರ್ ಅಥವಾ ಜ್ಯೂರಿಯ ರೂಪದಲ್ಲಿ ಪಡೆಯಬಹುದು ಎಂದು ಅದು ಹೇಳಿತು. 1861ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಇದನ್ನು ದೇಶದ ವಿಶಾಲ ಭಾಗಕ್ಕೆ ಹರಡಿತು. 1898ರ ಕೋಡಿನ 268ನೇ ಕಲಂ ನೇರವಾಗಿ ಹೇಳಿತು: ಸೆಷನ್ಸ್ ಕೋರ್ಟಿನ ಪ್ರತಿ ವಿಚಾರಣೆಯೂ ಜ್ಯೂರಿಯ ಮುಂದೆ ನಡೆಯಬೇಕು, ಇಲ್ಲವೇ ಅಸೆಸರುಗಳ ನೆರವಿನಿಂದ ನಡೆಯಬೇಕು. ಸರ್ಕಾರ ಗೆಜೆಟ್ಟಿನಲ್ಲಿ ಹೆಸರಿಸಿದ ಜಿಲ್ಲೆಗಳಲ್ಲಿ, ಹೆಸರಿಸಿದ ಅಪರಾಧಗಳಿಗೆ ಮಾತ್ರ ಜ್ಯೂರಿ. ಉಳಿದೆಲ್ಲಕ್ಕೂ ಅಸೆಸರುಗಳು.

ಯಾರನ್ನು ಕರೆಯಬಹುದಿತ್ತು? ಜಿಲ್ಲೆಯಲ್ಲಿ ವಾಸವಿರುವ, 21ರಿಂದ 60 ವರ್ಷದೊಳಗಿನ ಗಂಡಸರನ್ನು. ಸೆಷನ್ಸ್ ನ್ಯಾಯಾಧೀಶರೂ ಕಲೆಕ್ಟರರೂ ಕೂಡಿ ಪಟ್ಟಿ ಮಾಡಬೇಕು, ಅದನ್ನು ಎಲ್ಲರಿಗೂ ಕಾಣುವಂತೆ ಹಚ್ಚಬೇಕು, ತಕರಾರು ಕೇಳಬೇಕು, ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಸಮನ್ಸ್ ಬಂದಮೇಲೂ ಸಕಾರಣವಿಲ್ಲದೆ ಹೋಗದವರಿಗೆ ನೂರು ರೂಪಾಯಿವರೆಗೆ ದಂಡ. ಅಂದಿನ ರೈತನಿಗೆ ಅದು ಸಣ್ಣ ಮೊತ್ತವಲ್ಲ. ಹಾನಗಲ್, ಹಿರೇಕೆರೂರು ಮೊದಲಾದ ತಾಲ್ಲೂಕುಗಳು ಸೇರಿದ ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಈ ತಾಲ್ಲೂಕುಗಳ ಜಿಲ್ಲಾ ಕೇಂದ್ರ ಧಾರವಾಡ. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಹಾನಗಲ್ಲಿನವನೋ ಹಿರೇಕೆರೂರಿನವನೋ ಆ ಕರೆಗೆ ಓಗೊಡಬೇಕಾದರೆ ಗಾಡಿ ಹೂಡಿ ರೈಲು ನಿಲ್ದಾಣ ಸೇರಬೇಕು, ಪರಸ್ಥಳದಲ್ಲಿ ವಸ್ತಿ ಮಾಡಬೇಕು, ಮುಗಿಯುವವರೆಗೆ ಕಾಯಬೇಕು. ಹೊಲದ ಕೆಲಸ ಅಷ್ಟು ದಿನ ಬಿದ್ದಿರಬೇಕು.

ಕಾನೂನು ಓದದವನು ಕಾಣುವುದೇನು

ಇಷ್ಟೆಲ್ಲ ಕಷ್ಟ ಕೊಟ್ಟು ಕರೆಸಿದ ಮನುಷ್ಯನಿಂದ ಕೋರ್ಟಿಗೆ ಸಿಗುವುದೇನು? ಒಂದು ಕಲ್ಪಿತ ಪ್ರಸಂಗ ನೋಡೋಣ. ರಾತ್ರಿ ಹೊಲದಲ್ಲಿ ಕೊಲೆಯಾಗಿದೆ. ಸಾಕ್ಷಿ ಹೇಳುತ್ತಾನೆ: “ಅಮಾಸಿ ಇನ್ನ ಎರಡ ದಿನಾ ಇತ್ರಿ. ಉಂಡು ಹೊರಗ ಬಂದಿದ್ದೆ. ಬದುವಿನ ಮ್ಯಾಲ ಇಂವಾ ನಿಂತಿದ್ದ, ಮಾರಿ ನೋಡಿದೆ.” ಈ ಮಾತು ಇಂಗ್ಲಿಷಿಗೆ ತರ್ಜುಮೆಯಾಗಿ ತಾರೀಖಿನ ರೂಪದಲ್ಲಿ ಕಾಗದಕ್ಕಿಳಿಯುತ್ತದೆ. ಪರಭಾಷೆಯ ನ್ಯಾಯಾಧೀಶರಿಗೆ ಅದೊಂದು ದಿನಾಂಕ, ಅಷ್ಟೇ. ಪಕ್ಕದಲ್ಲಿ ಕುಳಿತ ರೈತನಿಗೆ ಹಾಗಲ್ಲ. ಅಮಾವಾಸ್ಯೆಗೆ ಎರಡು ದಿನ ಮೊದಲು ಊಟದ ಹೊತ್ತಿಗೆ ಆಕಾಶದಲ್ಲಿ ಚಂದ್ರ ಇರುವುದಿಲ್ಲ, ಅವನು ಮೂಡುವುದು ನಸುಕಿಗೆ. “ಹಂಗಾರ ಬೆಳಕು ಎಲ್ಲಿಂದ ಬಂತು? ನಿನ್ನ ಕೈಯಾಗ ಕಂದೀಲು ಇತ್ತೇನು?” ಈ ಎರಡು ಪ್ರಶ್ನೆ ಕೇಳಲು ಕಾನೂನು ಪದವಿ ಬೇಕಿಲ್ಲ. ಆದರೆ ಉತ್ತರದ ಮೇಲೆ ಒಬ್ಬನ ಕೊರಳು ನಿಂತಿರಬಹುದು.

ಹೀಗೆ ಕೇಳುವ ಹಕ್ಕೂ ಅಸೆಸರುಗಳಿಗೆ ಇತ್ತು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 166ನೇ ಕಲಂ ಪ್ರಕಾರ ಜ್ಯೂರಿಯಾಗಲಿ ಅಸೆಸರುಗಳಾಗಲಿ ನ್ಯಾಯಾಧೀಶರ ಮೂಲಕ ಅಥವಾ ಅವರ ಅನುಮತಿ ಪಡೆದು ಸಾಕ್ಷಿಗೆ ಪ್ರಶ್ನೆ ಹಾಕಬಹುದಿತ್ತು. ಅಗತ್ಯ ಕಂಡರೆ ಕೃತ್ಯ ನಡೆದ ಜಾಗಕ್ಕೇ ಅವರನ್ನು ಕರೆದೊಯ್ದು ತೋರಿಸಲು ಕೋರ್ಟು ಆದೇಶಿಸಬಹುದಿತ್ತು. ಪ್ರಕರಣದ ಸಂಗತಿ ತನಗೇ ಸ್ವತಃ ಗೊತ್ತಿದ್ದರೆ ಅಸೆಸರ್ ಅದನ್ನು ನ್ಯಾಯಾಧೀಶರಿಗೆ ತಿಳಿಸಲೇಬೇಕಿತ್ತು. ಆಗ ಅವನನ್ನೇ ಸಾಕ್ಷಿಯಾಗಿ ವಿಚಾರಿಸಬಹುದಿತ್ತು. ಊರಿನ ಗುಸುಗುಸು ಮಾತು ಗುಟ್ಟಾಗಿ ತೀರ್ಪಿನೊಳಗೆ ನುಸುಳದಿರಲಿ ಎಂಬ ಎಚ್ಚರ ಈ ನಿಯಮದ ಹಿಂದಿತ್ತು.

ಜನರ ಭಾಷೆ ಬಲ್ಲವರು ಪೀಠದ ಬಳಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1908ರ ಮುಂಬಯಿ ಹೈಕೋರ್ಟಿನ ವಿಚಾರಣೆ ಸಾಕ್ಷಿ. ‘ಕೇಸರಿ’ಯ ಮರಾಠಿ ಲೇಖನಗಳಿಗಾಗಿ ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆಯಿತು. ಜ್ಯೂರಿಯಲ್ಲಿ ಏಳು ಯುರೋಪಿಯನ್ನರು, ಇಬ್ಬರು ಭಾರತೀಯರು. ತೀರ್ಮಾನ ಕೊಡಬೇಕಾದವರಲ್ಲಿ ಬಹುಪಾಲು ಜನ ಆ ಲೇಖನಗಳನ್ನು ಮೂಲದಲ್ಲಿ ಓದಲಾರರು; ಅವರ ಕೈಗೆ ಬಂದದ್ದು ಇಂಗ್ಲಿಷ್ ತರ್ಜುಮೆ. ಏಳು ಮಂದಿ ಅಪರಾಧಿ ಎಂದರು, ಇಬ್ಬರು ಅಲ್ಲವೆಂದರು. ತಿಲಕರು ಆರು ವರ್ಷ ಮಂಡಾಲೆಯ ಸೆರೆಮನೆಗೆ ಹೋದರು. ಜನಸಾಮಾನ್ಯರು ಕೂತ ಮಾತ್ರಕ್ಕೆ ವಿಚಾರಣೆ ನ್ಯಾಯಯುತವಾಗುವುದಿಲ್ಲ. ಆರೋಪಿಯ ಮಾತು, ಬದುಕು ಅರ್ಥವಾಗುವವರು ಕೂರಬೇಕು, ಅವರ ಮಾತಿಗೆ ತೂಕವೂ ಇರಬೇಕು.

ಕುರ್ಚಿ ಇತ್ತು, ತೂಕ ಇರಲಿಲ್ಲ

ಅಸೆಸರ್ ಪದ್ಧತಿ ಸೋತದ್ದು ಈ ತೂಕದ ವಿಷಯದಲ್ಲೇ. ಸಾಕ್ಷ್ಯವೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಪ್ರತಿಯೊಬ್ಬ ಅಸೆಸರ್‌ನ ಅಭಿಪ್ರಾಯವನ್ನು ಬಾಯಿಮಾತಿನಲ್ಲಿ ಕೇಳಿ ಬರೆದುಕೊಳ್ಳಬೇಕು. ಆದರೆ 1898ರ ಕೋಡಿನ 309ನೇ ಕಲಂ ಪ್ರಕಾರ ಆ ಅಭಿಪ್ರಾಯಕ್ಕೆ ತಕ್ಕಂತೆ ತೀರ್ಪು ಕೊಡಬೇಕೆಂಬ ಬಂಧನ ಅವರಿಗಿಲ್ಲ. ಎಲ್ಲ ಅಸೆಸರುಗಳೂ ನಿರ್ದೋಷಿ ಎಂದರೂ ನ್ಯಾಯಾಧೀಶರು ಗಲ್ಲು ವಿಧಿಸಬಹುದಿತ್ತು. ಜ್ಯೂರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ನ್ಯಾಯಾಧೀಶರು ಹೈಕೋರ್ಟಿಗೆ ಬರೆದು ಕೇಳಬೇಕಿತ್ತು. ಅಸೆಸರುಗಳ ವಿಷಯದಲ್ಲಿ ಆ ತೊಡಕೂ ಇರಲಿಲ್ಲ. ಕರೆಸಿದವರ ಪೈಕಿ ಯಾರು ಕೂರಬೇಕೆಂದು ಆರಿಸುವುದೂ ನ್ಯಾಯಾಧೀಶರ ಇಚ್ಛೆಯೇ.

ತನ್ನ ಮಾತು ತೀರ್ಪನ್ನು ಬದಲಿಸಲಾರದು ಎಂದು ಗೊತ್ತಿರುವವನು ಮನಸ್ಸಿಟ್ಟು ಕೇಳಬೇಕೆಂದು ನಿರೀಕ್ಷಿಸುವುದು ಕಷ್ಟ. ಸ್ವಾತಂತ್ರ್ಯ ಬಂದ ಮೇಲೆ, ಬಂಧನಕಾರಿಯಲ್ಲದ ಅಭಿಪ್ರಾಯಕ್ಕಾಗಿ ಜನರನ್ನು ಅಲೆದಾಡಿಸಿ ವಿಚಾರಣೆ ತಡ ಮಾಡುವುದೇಕೆ ಎಂಬ ವಾದ ಗೆದ್ದು ಅಸೆಸರುಗಳು ಹೋದರು. ಜ್ಯೂರಿ ಕೆಲವೆಡೆ ಇನ್ನಷ್ಟು ಕಾಲ ಉಳಿಯಿತು. 1959ರ ಮುಂಬಯಿಯ ನಾನಾವತಿ ಪ್ರಕರಣವೇ ಜ್ಯೂರಿಯನ್ನು ಕೊನೆಗಾಣಿಸಿತು ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಕಾನೂನು ಆಯೋಗ 1958ರ ತನ್ನ 14ನೇ ವರದಿಯಲ್ಲಿಯೇ ಜ್ಯೂರಿ ರದ್ದತಿಗೆ ಶಿಫಾರಸು ಮಾಡಿತ್ತು. 1974ರ ಏಪ್ರಿಲ್ 1ರಂದು ಹೊಸ ದಂಡ ಪ್ರಕ್ರಿಯಾ ಸಂಹಿತೆ ಜಾರಿಯಾದಾಗ ಆ ಅಧ್ಯಾಯವೂ ಮುಗಿಯಿತು. ಅಸೆಸರುಗಳ ಪ್ರಶ್ನೆ ಕೇಳುವ ಹಕ್ಕು ಮಾತ್ರ, ಕೇಳುವವರಿಲ್ಲದೆ, 2024ರ ಜೂನ್ 30ರವರೆಗೂ 1872ರ ಆ ಹಳೆಯ ಸಾಕ್ಷ್ಯ ಅಧಿನಿಯಮದಲ್ಲಿ ಉಳಿದಿತ್ತು. ಅದರ ಮರುದಿನ ಜಾರಿಗೆ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಆ ಕಲಂ ಇಲ್ಲ.

ಕಲ್ಯಾಣದಲ್ಲಿ ಬರೆದಿಟ್ಟ ಮಾತು

ಇದೆಲ್ಲ ಬ್ರಿಟಿಷರು ತಂದ ವಿಚಾರ ಎಂದು ಬದಿಗಿಡುವಂತಿಲ್ಲ. ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದದ್ದು ನಮ್ಮ ಬಸವಕಲ್ಯಾಣದಲ್ಲಿ. ಹಾನಗಲ್ಲಿನ ಕದಂಬರು ಅದೇ ಕಲ್ಯಾಣದ ಚಾಲುಕ್ಯರ ಸಾಮಂತರು. ಆಸ್ತಿ ಹಂಚಿಕೆಗೆ ಹೆಸರಾದ ಈ ವ್ಯಾಖ್ಯಾನ ನ್ಯಾಯಸಭೆ ಹೇಗಿರಬೇಕೆಂಬುದನ್ನೂ ವಿಸ್ತಾರವಾಗಿ ಹೇಳುತ್ತದೆ. ರಾಜ ಒಬ್ಬನೇ ಕುಳಿತು ವ್ಯಾಜ್ಯ ನೋಡಬಾರದು. ಸತ್ಯವಂತರೂ ಮಿತ್ರ–ಶತ್ರು ಎಂಬ ಭೇದ ಮಾಡದವರೂ ಆದ ಸಭ್ಯರು ಜೊತೆಗಿರಬೇಕು. ಜನರಿಗೆ ಒಪ್ಪಿಗೆಯಾಗುವಂತೆ ಕೆಲವು ವರ್ತಕರೂ ಸಭೆಯಲ್ಲಿರಬೇಕು. ರಾಗದಿಂದ, ಲೋಭದಿಂದ, ಭಯದಿಂದ ತಪ್ಪು ನಿರ್ಣಯ ಕೊಟ್ಟ ಸಭ್ಯರಿಗೆ ತಲಾ ಇಷ್ಟೆಂದು ದಂಡ. ರಾಜ ಅನ್ಯಾಯದ ಕಡೆ ವಾಲಿದರೆ ಅವನನ್ನು ತಿದ್ದುವುದು ಅವರ ಕರ್ತವ್ಯ; ಸುಮ್ಮನಿದ್ದರೆ ಪಾಪದಲ್ಲಿ ಪಾಲು.

ಆ ಸಭೆಯ ದೋಷವನ್ನು ಮುಚ್ಚಿಡಬೇಕಾಗಿಲ್ಲ. ಸಭ್ಯರ ಪೀಠ ಬ್ರಾಹ್ಮಣರದ್ದಾಗಿತ್ತು. ಹೆಂಗಸರಿಗೂ ದುಡಿಯುವ ಬಹುಸಂಖ್ಯಾತರಿಗೂ ಅಲ್ಲಿ ಜಾಗವಿರಲಿಲ್ಲ. ಬ್ರಿಟಿಷರ ಪಟ್ಟಿಯಲ್ಲೂ ಗಂಡಸರು ಮಾತ್ರ. ಊರ ದೈವ ಕೂಡಿ, ಹಿರಿಯರೆನಿಸಿಕೊಂಡವರು ಕಟ್ಟೆಯ ಮೇಲೆ ಕುಳಿತು ದಂಡ ಹಾಕಿ ಬಹಿಷ್ಕಾರ ಹೇರುವ ರೂಢಿಯೂ ನಾನು ಹೇಳುತ್ತಿರುವ ನ್ಯಾಯವಲ್ಲ. ಅಲ್ಲಿ ಆರೋಪಿಗೆ ವಕೀಲನಿಲ್ಲ, ಮೇಲ್ಮನವಿಯಿಲ್ಲ, ಎದುರು ಮಾತಾಡುವ ಧೈರ್ಯಕ್ಕೆ ರಕ್ಷಣೆಯಿಲ್ಲ. ಊರಿನವರ ತಿಳಿವಳಿಕೆ ಕಾನೂನಿನ ಚೌಕಟ್ಟಿನೊಳಗೆ ಬಂದಾಗ ಮಾತ್ರ ಬಡವನಿಗೆ ಆಸರೆಯಾಗುತ್ತದೆ. ಚೌಕಟ್ಟಿನ ಹೊರಗೆ ಅದು ಬಲಾಢ್ಯರ ಕೈಯ ದೊಣ್ಣೆ. ಆದರೂ ಮಿತಾಕ್ಷರೆಯಿಂದ ಎತ್ತಿಕೊಳ್ಳಬೇಕಾದ ಮಾತೊಂದಿದೆ: ಸಭೆಯಲ್ಲಿ ಕುಳಿತವನು ಹೊಣೆಗಾರ. ಬ್ರಿಟಿಷರ ಅಸೆಸರ್‌ಗೆ ಆ ಹೊಣೆ ಇರಲಿಲ್ಲ, ಏಕೆಂದರೆ ಅವನಿಗೆ ಅಧಿಕಾರವೇ ಇರಲಿಲ್ಲ.

ಅಧಿಕಾರ ಕೊಟ್ಟರೆ ವ್ಯವಸ್ಥೆ ನಡೆಯುತ್ತದೆಯೇ? ಜರ್ಮನಿಯಲ್ಲಿ ನಡೆಯುತ್ತಿದೆ. ಅಲ್ಲಿ ಐದು ವರ್ಷದ ಅವಧಿಗೆ ಆಯ್ಕೆಯಾದ ಸಾಮಾನ್ಯ ನಾಗರಿಕರು ನ್ಯಾಯಾಧೀಶರಿಗೆ ಸರಿಸಮನಾಗಿ ಮತ ಹಾಕುತ್ತಾರೆ. ಅಪರಾಧಿ ಎನ್ನಲು ಮೂರನೇ ಎರಡರಷ್ಟು ಬಹುಮತ ಬೇಕು. ಮೂವರು ನ್ಯಾಯಾಧೀಶರೂ ಇಬ್ಬರು ನಾಗರಿಕರೂ ಇರುವ ದೊಡ್ಡ ಪೀಠದಲ್ಲಿ ಆ ಇಬ್ಬರೂ ಒಪ್ಪದಿದ್ದರೆ ಆರೋಪಿಯನ್ನು ಶಿಕ್ಷಿಸುವಂತಿಲ್ಲ. ಜಪಾನ್ 2009ರ ಮೇ ತಿಂಗಳಿಂದ ಘೋರ ಅಪರಾಧಗಳಿಗೆ ಮೂವರು ನ್ಯಾಯಾಧೀಶರ ಜೊತೆ ಆರು ಮಂದಿ ನಾಗರಿಕರನ್ನು ಕೂರಿಸುತ್ತಿದೆ.

ಹಾವೇರಿಯಲ್ಲೂ ಇದೆ ಆ ಪೀಠ

ನಮ್ಮಲ್ಲೂ ಅಂಥದೊಂದು ಪೀಠ ಇದೆ. ಅದು ಬಾಲ ನ್ಯಾಯ ಮಂಡಳಿ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಕನಿಷ್ಠ ಒಂದು ಮಂಡಳಿ ಇರಬೇಕು. ಅಪರಾಧದ ಆರೋಪ ಹೊತ್ತ, 18 ವರ್ಷ ತುಂಬದ ಮಕ್ಕಳ ವಿಚಾರಣೆ ನಡೆಯುವುದು ಅಲ್ಲಿ. ಪೀಠದಲ್ಲಿ ಒಬ್ಬರು ಪ್ರಧಾನ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಆಗಿರಲೇಬೇಕು. ಅಭಿಪ್ರಾಯಭೇದ ಬಂದರೆ ಬಹುಮತವೇ ನಿರ್ಣಯ; ಬಹುಮತ ಮೂಡದಿದ್ದಾಗ ಮಾತ್ರ ಮ್ಯಾಜಿಸ್ಟ್ರೇಟರ ಮಾತು ನಡೆಯುತ್ತದೆ. ಅಂದರೆ ಇಬ್ಬರು ಸಮಾಜ ಕಾರ್ಯಕರ್ತರು ಒಂದಾದರೆ ಮ್ಯಾಜಿಸ್ಟ್ರೇಟರ ಅಭಿಪ್ರಾಯವನ್ನು ಮೀರಬಲ್ಲರು. ಧಾರವಾಡಕ್ಕೆ ಗಾಡಿ ಹೂಡಿ ಹೋಗುತ್ತಿದ್ದ ಅಸೆಸರ್‌ಗೆ ಎಂದೂ ಸಿಗದಿದ್ದ ಅಧಿಕಾರ ಇದು.

ಮಂಡಳಿ ಕೂರುವ ರೀತಿಯೇ ಬೇರೆ. ಕೇಂದ್ರದ 2016ರ ಮಾದರಿ ನಿಯಮಗಳ ಪ್ರಕಾರ ಕೋರ್ಟಿನ ಅಥವಾ ಜೈಲಿನ ಆವರಣದಲ್ಲಿ ಅದು ನಡೆಯಕೂಡದು. ಎತ್ತರದ ವೇದಿಕೆ, ಕಟಕಟೆ ಇರಕೂಡದು. ಮಗುವನ್ನು ಕರೆತರುವ ಪೊಲೀಸರು ಸಾಧ್ಯವಾದ ಮಟ್ಟಿಗೆ ಸಮವಸ್ತ್ರದಲ್ಲಿ ಇರಬಾರದು, ಕೈಕೋಳ ಹಾಕಬಾರದು. ಮೇಜಿನ ಒಂದು ಬದಿಗೆ ಹದಿನೈದರ ಹುಡುಗ. ಶಿಗ್ಗಾವಿ ಬಸ್ ನಿಲ್ದಾಣದಲ್ಲಿ ಮೊಬೈಲ್ ಕದ್ದ ಎಂಬ ಆರೋಪ ಎಂದುಕೊಳ್ಳೋಣ. ಇನ್ನೊಂದು ಬದಿಗೆ ಮೂವರು. ಕದ್ದದ್ದು ನಿಜವೇ, ಪುರಾವೆ ಇದೆಯೇ ಎಂಬುದನ್ನು ಮ್ಯಾಜಿಸ್ಟ್ರೇಟರು ಪರಿಶೀಲಿಸುತ್ತಾರೆ. ಮಕ್ಕಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಸದಸ್ಯೆ ಇನ್ನೂ ಕೆಲವು ಕೇಳುತ್ತಾರೆ: “ಸಾಲಿ ಯಾವಾಗ ಬಿಟ್ಟಿ, ತಮ್ಮಾ? ಅವ್ವ–ಅಪ್ಪ ಗೋವಾದಾಗ ದುಡ್ಯಾಕ ಹೋದ ಮ್ಯಾಲ ಯಾರ ಮನ್ಯಾಗ ಉಣತಿ? ಆ ಮೊಬೈಲ್ ಯಾರಿಗೆ ಕೊಡು ಅಂದಿದ್ರು?” ಈ ಕೊನೆಯ ಪ್ರಶ್ನೆಯಿಂದ, ಮಕ್ಕಳನ್ನು ಮುಂದೆ ಬಿಟ್ಟು ಕಳವು ಮಾಡಿಸುವ ದೊಡ್ಡವರು ಹೊರಬೀಳಬಹುದು. ಮೊದಲಿನ ಎರಡರಿಂದ ಆ ಹುಡುಗನನ್ನು ಮತ್ತೆ ಶಾಲೆಗೆ ಸೇರಿಸುವ ದಾರಿ ಕಾಣಬಹುದು.

ಹೊಣೆ ಸಣ್ಣದಲ್ಲ. ಹದಿನಾರು ದಾಟಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಬಂದರೆ, ಅವನ ಮಾನಸಿಕ, ದೈಹಿಕ ಸಾಮರ್ಥ್ಯ, ಪರಿಣಾಮ ಅರಿಯುವ ಶಕ್ತಿ, ಕೃತ್ಯದ ಸಂದರ್ಭ ಇವನ್ನು ಮಂಡಳಿ ಪ್ರಾಥಮಿಕವಾಗಿ ಅಳೆಯಬೇಕು. ಅವನನ್ನು ವಯಸ್ಕನಂತೆ ವಿಚಾರಿಸಬೇಕೇ ಎಂಬುದು ಆ ಅಳತೆಯ ಮೇಲೆ ನಿಂತಿದೆ. ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯದಲ್ಲಿ ಪದವಿ ಪಡೆದ ವೃತ್ತಿನಿರತರು ಮಂಡಳಿಯಲ್ಲಿ ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಜುಲೈ 13ರಂದು ಬರುಣ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಹೇಳಿದೆ. ಸದಸ್ಯರಿಗೆ ನೇಮಕವಾದ 60 ದಿನದೊಳಗೆ ತರಬೇತಿ ಕೊಡಬೇಕು. ಸಕಾರಣವಿಲ್ಲದೆ ಸತತ ಮೂರು ತಿಂಗಳು ಗೈರುಹಾಜರಾದವರನ್ನು, ವರ್ಷದ ಕಲಾಪಗಳಲ್ಲಿ ಮುಕ್ಕಾಲು ಪಾಲಿಗೂ ಬಾರದವರನ್ನು ತೆಗೆಯಬಹುದು. ಮಂಡಳಿಯ ಆದೇಶದ ಮೇಲೆ ಅಪೀಲಿಗೂ ಅವಕಾಶವಿದೆ. ಸದಸ್ಯರೂ ಮನುಷ್ಯರೇ, ಜಾತಿಯ, ಊರ ಪಾರ್ಟಿಯ ಸೆಳೆತ ಅವರನ್ನೂ ಬಿಡದಿರಬಹುದು. ಅದಕ್ಕೇ ಈ ಕಾವಲುಗಳು. ಅಸೆಸರ್ ಪದ್ಧತಿಯಲ್ಲಿ ಇಲ್ಲದಿದ್ದ ಅಧಿಕಾರ, ಹೊಣೆ, ತರಬೇತಿ ಮೂರೂ ಇಲ್ಲಿ ಒಟ್ಟಿಗೆ ಬಂದಿವೆ.

ಕೊರತೆ ಇರುವುದು ನಮ್ಮ ಗಮನದಲ್ಲಿ. ಗ್ರಾಮ ಪಂಚಾಯಿತಿ ಸದಸ್ಯತ್ವಕ್ಕೆ ಊರೂರೇ ಪೈಪೋಟಿಗೆ ನಿಲ್ಲುತ್ತದೆ, ಸೊಸಾಯಿಟಿ ಚುನಾವಣೆಗೆ ಬೀಗರೇ ಎದುರಾಳಿಗಳಾಗುತ್ತಾರೆ. ಮಗುವೊಂದರ ಭವಿಷ್ಯ ನಿರ್ಧರಿಸುವ ಈ ಕುರ್ಚಿಯ ಬಗ್ಗೆ ಮಾತ್ರ ಮಾತೇ ಇಲ್ಲ. ಕನಿಷ್ಠ 35 ವರ್ಷ ವಯಸ್ಸು. ಮಕ್ಕಳ ಶಿಕ್ಷಣ, ಆರೋಗ್ಯ, ಕಲ್ಯಾಣದಲ್ಲಿ ಏಳು ವರ್ಷದ ಅನುಭವ, ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯ, ಸಮಾಜಶಾಸ್ತ್ರ, ಕಾನೂನು ಇವುಗಳಲ್ಲಿ ಪದವಿ ಪಡೆದು ವೃತ್ತಿಯಲ್ಲಿರುವುದು: ಮಾದರಿ ನಿಯಮ ಕೇಳುವುದು ಇಷ್ಟು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಹಳ್ಳಿಯ ಬದುಕನ್ನು ಶಾಸ್ತ್ರವಾಗಿ ಓದಿದವರು ಅಲ್ಲಿಂದ ಹೊರಬರುತ್ತಿದ್ದಾರೆ. ಜನರ ಮಾತಿನ ಒಳಹೊರಗು ಬಲ್ಲ ಅಂಥವರು ಮಕ್ಕಳ ಕ್ಷೇತ್ರದಲ್ಲಿ ಅನುಭವ ಗಳಿಸಿ ಈ ಪೀಠಕ್ಕೆ ಬಂದರೆ ಜಿಲ್ಲೆಯ ಮಕ್ಕಳಿಗೆ ದೊಡ್ಡ ಲಾಭ.

ಸಹಿ ಹಾಕುವ ಮುನ್ನ

ಮಂಡಳಿಯ ಕುರ್ಚಿ ಇಬ್ಬರಿಗೆ ಮಾತ್ರ. ಆದರೆ ನ್ಯಾಯದಲ್ಲಿ ಪಾಲು ಪಡೆಯುವ ಇನ್ನೊಂದು ಅವಕಾಶ ಯಾರ ಮನೆಬಾಗಿಲಿಗೂ ಬರಬಹುದು. ಪೊಲೀಸರು ಮನೆ ಶೋಧಿಸುವಾಗ ಆ ಭಾಗದ ಇಬ್ಬರು ಅಥವಾ ಹೆಚ್ಚು ಸ್ವತಂತ್ರ, ಗೌರವಸ್ಥ ನಿವಾಸಿಗಳು ಹಾಜರಿರಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಂ ಹೇಳುತ್ತದೆ. ಇವರೇ ಪಂಚರು. ಈಗ ಶೋಧದ ವಿಡಿಯೊ ಚಿತ್ರಣವನ್ನೂ 105ನೇ ಕಲಂ ಕಡ್ಡಾಯ ಮಾಡಿದೆ. ಆದರೂ ಯಾವ ವಸ್ತು ಎಲ್ಲಿಂದ ಸಿಕ್ಕಿತು ಎಂಬ ಪಂಚನಾಮೆಗೆ ಬೆಲೆ ಬರುವುದು ಕಣ್ಣಾರೆ ಕಂಡವರ ಸಹಿಯಿಂದ. ಕೋರ್ಟು–ಕಚೇರಿ ಅಲೆಯಬೇಕಾದೀತೆಂದು ತಪ್ಪಿಸಿಕೊಳ್ಳುವುದು, ಗುರುತಿನ ಪೊಲೀಸರೆಂದು ಓದದೆ ಸಹಿ ಹಾಕುವುದು, ಎರಡೂ ಅಮಾಯಕನನ್ನು ಜೈಲಿಗೆ ಕಳಿಸಬಲ್ಲವು, ನಿಜವಾದ ಅಪರಾಧಿಯನ್ನು ಬಿಡಿಸಲೂ ಬಲ್ಲವು. ಲಿಖಿತ ಆದೇಶ ಕೊಟ್ಟಮೇಲೂ ಸಕಾರಣವಿಲ್ಲದೆ ಒಲ್ಲೆ ಎನ್ನುವುದು ಸ್ವತಃ ಅಪರಾಧ.

ಅಸೆಸರುಗಳನ್ನು ಅದೇ ರೂಪದಲ್ಲಿ ಮರಳಿ ತರಬೇಕು ಎಂದು ನಾನು ಹೇಳುವುದಿಲ್ಲ. ಅಧಿಕಾರವಿಲ್ಲದ ಕುರ್ಚಿ ನ್ಯಾಯಕ್ಕೆ ನೆರವಾಗುವುದಿಲ್ಲ ಎಂಬುದು ಒಂದು ಶತಮಾನದ ಅನುಭವ. ಕಾನೂನು ಅಧಿಕಾರ ಸಹಿತ ಕೊಟ್ಟಿರುವ ಕುರ್ಚಿಯನ್ನಾದರೂ ನಾವು ಯೋಗ್ಯವಾಗಿ ತುಂಬಬೇಕು. ಬಾಲ ನ್ಯಾಯ ಮಂಡಳಿಯ ಸದಸ್ಯತ್ವಕ್ಕೆ ಅರ್ಜಿ ಕರೆದಾಗ ಸರ್ಕಾರ ಅದನ್ನು ತಾಲ್ಲೂಕು ಕಚೇರಿ, ಗ್ರಾಮ ಪಂಚಾಯಿತಿ, ಗ್ರಂಥಾಲಯಗಳಲ್ಲಿ ಹಚ್ಚಲಿ. ಅರ್ಹರಾದ ಶಿಕ್ಷಕರು, ವೈದ್ಯರು, ವಕೀಲರು, ಮಕ್ಕಳ ನಡುವೆ ದುಡಿದ ಹೆಣ್ಣುಮಕ್ಕಳು ಅರ್ಜಿ ಹಾಕಲಿ. ಉಳಿದವರು, ಪಂಚರಾಗಿ ಕರೆ ಬಂದ ದಿನ ಹೋಗಿ, ಕಣ್ಣಿಂದ ನೋಡಿ, ಪೂರ್ತಿ ಓದಿ, ನಿಜವಿದ್ದರೆ ಮಾತ್ರ ಸಹಿ ಹಾಕಿ.